ಹಬ್ಬಕ್ಕೆ ಎರಡು ಪೌಂಡ್ ಬ್ರೆಡ್

ಸುಳ್ಳು ಹೇಳುವುದರಲ್ಲಿ ನಾನು ಅಷ್ಟೇನೂ ಪಳಗಿದವಳಲ್ಲ. ಹೇಳಿದರೂ ಅಡುಗೆಮನೆ ಮಟ್ಟದ್ದು. ಹಾಲು ಉಕ್ಕಿ ಹೋದರೆ ಬೆಕ್ಕಿನ ಮೇಲೆ ಹಾಕುವುದು, ಸಾರಿಗೆ ಉಪ್ಪು ಹೆಚ್ಚಾದರೆ ಹೊಸ ಉಪ್ಪಿನ ಪ್ಯಾಕೆಟ್ಟನ್ನು ದೂರುವುದು, ಇಂಥವು. ಅಂಥದೇ ಒಂದು ಚಿಲ್ಲರೆ ಸುಳ್ಳಿನಿಂದಾಗಿ ಕಳೆದ ದೀಪಾವಳಿಯ ಬೆಳಿಗ್ಗೆ ಹೊಳನಗದ್ದೆಯ ನಮ್ಮ ಮನೆಯಲ್ಲಿ ಹನ್ನೊಂದು ಪೌಂಡ್ ಬ್ರೆಡ್ ಕೂಡಿಬಿದ್ದಿತು. ಅದನ್ನು ನಿಮ್ಮ ಮುಂದೆ ಹೇಳಿಕೊಂಡು ಹಗುರಾಗಬೇಕೆಂದಿದ್ದೇನೆ.

ಮೊದಲು ಬ್ರೆಡ್ಡಿನ ವಿಷಯ. ನಮ್ಮ ಕಡೆ ಬ್ರೆಡ್ ಅಂದರೆ ತಿಂಡಿಯಲ್ಲ, ಅದೊಂದು ಸುದ್ದಿ. ಹುಷಾರಿದ್ದವರು ದೋಸೆ ತಿನ್ನುತ್ತಾರೆ, ಹುಷಾರಿಲ್ಲದವರು ಬ್ರೆಡ್ ತಿನ್ನುತ್ತಾರೆ. ಯಾರಾದರೂ ಒಂದು ಪೌಂಡ್ ಬ್ರೆಡ್ಡು, ಅರ್ಧ ಡಜನ್ ಬಾಳೆಹಣ್ಣು ಹಿಡಿದು ರಿಕ್ಷಾ ಹತ್ತಿದರೆ ಅವರು ಆಸ್ಪತ್ರೆಗೆ ಹೊರಟಿದ್ದಾರೆ ಎಂದು ಕೇಳದೆಯೂ ತಿಳಿಯುತ್ತದೆ. ಪೇಟೆಯ ಮಕ್ಕಳು ಈಗ ದಿನಾ ಬೆಳಿಗ್ಗೆ ಅದಕ್ಕೆ ಜಾಮ್ ಹಚ್ಚಿ ತಿನ್ನುತ್ತಾರೆ, ನಿಜ. ಆದರೆ ಅದನ್ನು ನೋಡಿದಾಗ ನನ್ನ ಕೈ ಈಗಲೂ ಅವರ ಹಣೆಯ ಕಡೆ ಹೋಗುತ್ತದೆ. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಬ್ರೆಡ್ ಸಿಗುತ್ತದೆಂಬ ಆಸೆಗೆ ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಮಲಗಿದ್ದೆ. ಜ್ವರ ಬರಲಿಲ್ಲ. ಮೈಯೆಲ್ಲ ಈರುಳ್ಳಿ ವಾಸನೆ ಬಂತು, ಅಮ್ಮನಿಂದ ಎರಡು ಏಟೂ ಬಿತ್ತು.

ಈ ನಂಬಿಕೆಗೂ ಗಡಿ ಇದೆಯೆಂದು ತಿಳಿದದ್ದು ಸುಮಯ್ಯಾ ಟೀಚರ್ ಸಿಕ್ಕ ಮೇಲೆ. ನಾವಿಬ್ಬರೂ ಹೊನ್ನಾವರದ ಒಂದೇ ಹೈಸ್ಕೂಲಿನಲ್ಲಿ ಕಲಿಸುತ್ತೇವೆ. ನಾನು ವಿಜ್ಞಾನ, ಅವಳು ಇಂಗ್ಲಿಷ್. ನಾನು ಕುಮಟೆ ಕಡೆಯಿಂದ ಬಸ್ಸಿನಲ್ಲಿ ಬಂದಿಳಿಯುತ್ತೇನೆ, ಅವಳು ಭಟ್ಕಳದಿಂದ ಶರಾವತಿ ಸೇತುವೆ ದಾಟಿ ಬರುತ್ತಾಳೆ. ಈದ್ ಮುಗಿದ ಸೋಮವಾರ ಅವಳು ಸ್ಟಾಫ್ ರೂಮಿನಲ್ಲಿ ಒಂದು ದೊಡ್ಡ ಡಬ್ಬಿ ತೆರೆದಳು. ಬ್ರೆಡ್ಡನ್ನು ಸಿಹಿ ಹಾಲಿನಲ್ಲಿ ಅದ್ದಿ ತುಪ್ಪದಲ್ಲಿ ಕೆಂಪಗೆ ಕಾಯಿಸಿದ ಫ್ರೆಂಚ್ ಟೋಸ್ಟು. "ಇವತ್ತು ಸೋಮವಾರ ಅಲ್ವಾ ಟೀಚರ್, ಅದಕ್ಕೆ ಮೊಟ್ಟೆ ಹಾಕಿಲ್ಲ" ಎಂದಳು. ನಮ್ಮಲ್ಲಿ ಯಾರು ಯಾವ ವಾರ ಏನು ತಿನ್ನುವುದಿಲ್ಲ ಎಂಬುದು ನಮಗಿಂತ ಚೆನ್ನಾಗಿ ಅವಳಿಗೆ ಬಾಯಿಪಾಠ. ಅವರ ಮನೆಯಲ್ಲಿ ಹಬ್ಬದ ಬೆಳಿಗ್ಗೆ ಇದು ಇರಲೇಬೇಕಂತೆ. ನಾನು ಬೆರಗಾದೆ. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಆ ತುದಿಯಲ್ಲಿ ಹಬ್ಬಕ್ಕೆ ಬರುವ ಬ್ರೆಡ್ಡು ಈ ತುದಿಯಲ್ಲಿ ಜ್ವರಕ್ಕೆ ಬರುತ್ತದೆ.

ಒಂದು ತುಂಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ತಂದದ್ದು ಅತ್ತೆಗಾಗಿ. ಇನ್ನು ಅತ್ತೆಯ ಬಗ್ಗೆ ಹೇಳಬೇಕು.

ಅತ್ತೆ ತದಡಿಯವರು. ನಲವತ್ತು ವರ್ಷ ಕುಮಟೆಯ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರು. ಅವರ ದನಿಯೂ ಜೋರು, ಊಟವೂ ಜೋರು. ಅಂಥವರು ನಾನು ಹೇಳಹೊರಟ ದೀಪಾವಳಿಯ ಹಿಂದಿನ ವರ್ಷದ ದೀಪಾವಳಿಯನ್ನು ಆಸ್ಪತ್ರೆಯ ಮಂಚದ ಮೇಲೆ ಕಳೆದರು. ಹತ್ತು ದಿನ ಬಿಡದ ಜ್ವರ. ನೋಡಲು ಬಂದವರೆಲ್ಲ ಬ್ರೆಡ್ ತಂದರು. ಅದನ್ನು ಹಾಲಿನಲ್ಲಿ ಅದ್ದಿ ಅದ್ದಿ ಅವರ ಬಾಯಿಗೆ ತುರುಕಿದವಳು ನಾನೇ. ಮನೆಗೆ ಬಂದು ಹೊಸಿಲು ದಾಟುವಾಗಲೇ ಅತ್ತೆ ಅಪ್ಪಣೆ ಮಾಡಿದರು: "ಇನ್ನು ನನ್ನ ಜೀವ ಇರೂವರಿಗೆ ಈ ಮನೆ ಒಳಗೆ ಬ್ರೆಡ್ ಬರೂಕಾಗ."

ಬ್ರೆಡ್ ಬರಲಿಲ್ಲ. ಆದರೆ ಅವರ ಹಸಿವೂ ಮರಳಿ ಬರಲಿಲ್ಲ. ಎರಡು ತುತ್ತು ಅನ್ನ ಉಂಡು "ಆತು, ಸಾಕು" ಎಂದು ಏಳುತ್ತಿದ್ದರು. ಡಾಕ್ಟರು ಎಲ್ಲ ಸರಿಯಿದೆ ಎಂದರು. ಸಂಜೆ ಜಗಲಿಯಲ್ಲಿ ಕೂತು, ಬೇಲಿಯಲ್ಲಿ ಜನ ದಾಟಿ ಬರುವ ದಣಪೆಯ ಕಡೆ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಸಾಲುಗಟ್ಟಿ ಬಂದವರು, ಅವರಿಗೆ ಹುಷಾರಾಯಿತು ಎಂದ ಮೇಲೆ ಬರುವುದನ್ನು ಬಿಟ್ಟಿದ್ದರು. ಮೀನು ಮಾರಿದ ಆ ಕೈ ತಟ್ಟೆಯ ಮೀನನ್ನೇ ಬದಿಗೆ ಸರಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು.

ಅಂಥ ಅತ್ತೆ ಸುಮಯ್ಯಾಳ ಟೋಸ್ಟನ್ನು ಪೂರ್ತಿ ತಿಂದರು. ತಿಂದು ಬೆರಳು ನೆಕ್ಕಿದರು. "ಎಂತ ಇದು?" ಎಂದರು. ನಾನು "ಭಟ್ಕಳದ ಸಿಹಿ" ಎಂದೆ. ಇದೇ ಆ ಸುಳ್ಳು. ಸುಳ್ಳು ಕೂಡ ಅಲ್ಲ, ಅರ್ಧ ನಿಜ. ಆದರೆ ಅರ್ಧ ನಿಜವನ್ನು ಸಾಕುವುದು ಪೂರ್ತಿ ಸುಳ್ಳಿಗಿಂತ ಕಷ್ಟ ಎಂದು ನನಗಾಗ ಗೊತ್ತಿರಲಿಲ್ಲ. ದೀಪಾವಳಿ ಹತ್ತಿರ ಬಂದಾಗ ಅತ್ತೆ ತಾವಾಗಿಯೇ ಬಾಯಿಬಿಟ್ಟು ಕೇಳಿದರು: "ಹಬ್ಬಕ್ಕೆ ಆ ಭಟ್ಕಳದ ಸಿಹಿ ಮಾಡೂಕಾಗ್ತದ್ಯ?" ಒಂದು ವರ್ಷದಲ್ಲಿ ಅವರು ಕೇಳಿ ತಿನ್ನಬೇಕೆಂದದ್ದು ಅದೊಂದೇ. ಇಲ್ಲ ಎನ್ನುವ ಕಲ್ಲುಮನಸ್ಸು ಯಾರಿಗಿದ್ದೀತು?

ಹಬ್ಬದ ಹಿಂದಿನ ಸಂಜೆ ನಾಗೇಶಣ್ಣನ ಅಂಗಡಿಗೆ ಹೋದೆ. ಎಲ್ಲರೂ ಅವಲಕ್ಕಿ, ಬೆಲ್ಲ, ಹಣತೆ ಎಂದು ಮುಗಿಬಿದ್ದಿದ್ದರು. ನಾನು ಮೆಲ್ಲಗೆ "ಎರಡು ಪೌಂಡ್ ಬ್ರೆಡ್" ಎಂದೆ. ನಾಗೇಶಣ್ಣನ ತಕ್ಕಡಿ ನಿಂತಿತು. "ಯಾರಿಗೆ ಹುಷಾರಿಲ್ಲ?" ಎಂದ. ಪಕ್ಕದ ಮನೆಯ ಮಾದೇವಿ ಅಕ್ಕ ಅಲ್ಲೇ ನಿಂತಿದ್ದಳು. ಇವಳ ಬಾಯಿಂದ ವಿಷಯ ಅತ್ತೆಯ ಕಿವಿಗೆ ಬಿದ್ದರೆ ಎಲ್ಲ ಕೆಟ್ಟಿತು ಎಂದುಕೊಂಡು ದನಿ ತಗ್ಗಿಸಿ, "ಅತ್ತೆಗೆ. ಆದ್ರೆ ಅವ್ರಿಗೆ ಗೊತ್ತಾಗೂದು ಬೇಡ" ಎಂದೆ.

ಇನ್ನೊಮ್ಮೆ ಓದಿ ನೋಡಿ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಾಗೇಶಣ್ಣ ಕಣ್ಣು ಕೆಳಗೆ ಮಾಡಿ ಬ್ರೆಡ್ಡನ್ನು ಪೇಪರಿನಲ್ಲಿ ಸುತ್ತಿಕೊಟ್ಟ. ಮಾದೇವಿ ಅಕ್ಕ ನನ್ನ ತೋಳು ಒತ್ತಿ "ಧೈರ್ಯ ತಕಾ ಮಾರಾಯ್ತಿ" ಎಂದಳು. ಹಬ್ಬದ ಅಡುಗೆಗೆ ಇವಳು ಯಾಕೆ ಧೈರ್ಯ ಹೇಳುತ್ತಾಳೆ ಎಂದು ನಗುತ್ತಲೇ ಮನೆಗೆ ಬಂದು ಬ್ರೆಡ್ಡನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ.

ಬೆಳಿಗ್ಗೆ ಎಣ್ಣೆಸ್ನಾನ ಮುಗಿದು, ದೇವರ ಮುಂದೆ ದೀಪ ಹಚ್ಚಿಯಾಯಿತು. ತದಡಿ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುವ ನನ್ನ ಗಂಡ ಅಂದು ರಜೆಯ ಗತ್ತಿನಲ್ಲಿ ಮೂರನೆಯ ಸಲ ಬೆಲ್ಲದವಲಕ್ಕಿ ಹಾಕಿಸಿಕೊಳ್ಳುತ್ತಿದ್ದರು. ನಾನು ಒಲೆ ಮುಂದೆ ನಿಂತೆ. ನಮ್ಮ ಮನೆಯಲ್ಲಿ ಕಾವಲಿ ಎರಡು, ಮೀನಿನದೊಂದು, ದೋಸೆಯದೊಂದು. ಮೊಟ್ಟೆಯ ವ್ಯವಹಾರವೆಲ್ಲ ಮೀನಿನ ಕಾವಲಿಯ ಪಾಲಿನದು. ಹಬ್ಬದ ದಿನ ಆ ಕಾವಲಿ ಹಿತ್ತಿಲ ಗೋಡೆಯ ಮೊಳೆಗೆ ನೇತುಬಿದ್ದು ರಜೆ ಅನುಭವಿಸುತ್ತದೆ. ಹಾಗಾಗಿ ಮೊಟ್ಟೆಯಿಲ್ಲ. ದಪ್ಪ ತೆಂಗಿನಹಾಲು, ಹಿಡಿತಕ್ಕೆ ಎರಡು ಚಮಚ ಅಕ್ಕಿಹಿಟ್ಟು, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ಕಲಸಿದೆ. ಮೇಲೆ ಸುರಿಯಲು ಜೋನಿಬೆಲ್ಲ. ದೂರದೇಶದಲ್ಲಿ ಅದೆಂಥದೋ ಮರದ ರಸ ಕಾಯಿಸಿ ಸುರಿಯುತ್ತಾರಂತೆ. ಪಾಪ, ಅವರಿಗೆ ನಮ್ಮ ಜೋನಿಬೆಲ್ಲ ಸಿಕ್ಕಿಲ್ಲ.

ಮೊದಲ ಹೋಳು ಹಾಲಿಗೆ ಬಿದ್ದದ್ದೇ ಕರಗಿ ಗಂಜಿಯಾಯಿತು. ಎರಡನೆಯದನ್ನು ಕಾವಲಿಯವರೆಗೆ ಸಾಗಿಸುವಷ್ಟರಲ್ಲಿ ಅರ್ಧ ದಾರಿಯಲ್ಲೇ ಕಳಚಿಬಿತ್ತು. ಹಬ್ಬದ ಹೊತ್ತಿನಲ್ಲಿ ಸುಮಯ್ಯಾಳಿಗೆ ಫೋನು ಮಾಡಿದೆ. "ಟೀಚರ್, ಹೋಳು ಬಿಡಿಸಿ ರಾತ್ರಿ ಗಾಳಿಗೆ ಇಟ್ಟಿದ್ರಾ? ಒಣಗಿರ್ಬೇಕು" ಎಂದಳು. ಗಾಳಿಗೆ ಇಡುವುದೆಲ್ಲಿ, ಅಕ್ಕಿಯೊಳಗೆ ಭೂಗತವಾಗಿದ್ದ ಬ್ರೆಡ್ಡು! ಒಣಗಿದ ವಸ್ತು ಹೆಚ್ಚು ಹೀರುತ್ತದೆ ಎಂದು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಸುವ ನನಗೆ ಇದು ಹೊಳೆಯಬೇಡವೇ? ಉಳಿದ ಹೋಳುಗಳನ್ನು ಬರಿ ಕಾವಲಿಯ ಮೇಲೆ ಬಾಡಿಸಿ, ಆಮೇಲೆ ಹಾಲಿಗೆ ಅದ್ದಿ ತುಪ್ಪದಲ್ಲಿ ಕಾಯಿಸುತ್ತಾ ನಿಂತೆ. ಫ್ರೆಂಚರು ಇದನ್ನು 'ಕಳೆದುಹೋದ ರೊಟ್ಟಿ' ಎಂದು ಕರೆಯುತ್ತಾರಂತೆ. ಒಣಗಿ ಕೆಲಸಕ್ಕೆ ಬಾರದೆ ಹೋಯಿತೆಂದು ಕೈಬಿಟ್ಟ ರೊಟ್ಟಿಯನ್ನು ಹಾಲು ತುಪ್ಪ ಹಾಕಿ ಮರಳಿ ಪಡೆಯುವ ಉಪಾಯ. ಅತ್ತೆಯ ವ್ಯಾಪಾರದಲ್ಲಿ 'ನಿನ್ನೇದು' ಎಂಬುದಕ್ಕಿಂತ ದೊಡ್ಡ ಬೈಗುಳವಿಲ್ಲ. ಇಲ್ಲಿ ನೋಡಿದರೆ ನಿನ್ನೆಯದಕ್ಕೇ ಮರ್ಯಾದೆ.

ಹೀಗೆ ನಾನು ತತ್ವಜ್ಞಾನದಲ್ಲಿ ಮುಳುಗಿದ್ದಾಗ ಜಗಲಿಯಲ್ಲಿ ಮಾತು ಕೇಳಿಸಿತು. ಇಣುಕಿದೆ. ಮಾದೇವಿ ಅಕ್ಕ ಹೊಸ ಸೀರೆ ಉಟ್ಟು, ಮುಖ ಸಣ್ಣದು ಮಾಡಿಕೊಂಡು ಅತ್ತೆಯ ಪಕ್ಕ ಕೂತಿದ್ದಾಳೆ. ಬೆಂಚಿನ ಮೇಲೆ ಒಂದು ಪೌಂಡ್ ಬ್ರೆಡ್ಡು, ಅರ್ಧ ಡಜನ್ ಬಾಳೆಹಣ್ಣು. ಅವಳ ಹಿಂದೆ ಕೆಳಗಿನ ಮನೆಯವರು ಬಂದರು, ಬ್ರೆಡ್ಡು. ದಣಪೆ ದಾಟಿ ಗಂಡನ ಕಡೆಯ ನಾಲ್ಕು ಮನೆಯ ನೆಂಟರು ಬಂದರು, ನಾಲ್ಕು ಬ್ರೆಡ್ಡು. ಅಂಗಡಿ ಬಾಗಿಲು ಹಾಕಿ ಬಂದ ನಾಗೇಶಣ್ಣನೂ ಒಂದು ಪೌಂಡ್ ಇಟ್ಟು ಕೈಕಟ್ಟಿ ನಿಂತ. ಯಾರೂ ಕಾಯಿಲೆಯ ಸುದ್ದಿ ಎತ್ತುತ್ತಿಲ್ಲ, ಏಕೆಂದರೆ ಅವರಿಗೆ ಗೊತ್ತಾಗುವುದು ಬೇಡವಲ್ಲ. ಎಲ್ಲರೂ ಹವೆ, ಭತ್ತದ ಕೊಯ್ಲು ಎಂದು ಏನೇನೋ ಮಾತಾಡುತ್ತಿದ್ದಾರೆ. ಅತ್ತೆಯೋ ವರ್ಷದ ಮಾತೆಲ್ಲ ಬಾಕಿ ಇದ್ದವರ ಹಾಗೆ ಜೋರು ದನಿಯಲ್ಲಿ ಎಲ್ಲರ ಮನೆ ವಿಚಾರ ಕೇಳುತ್ತಿದ್ದಾರೆ. ಅವರ ಆ ದನಿ ಕೇಳದೆ ಎಷ್ಟು ತಿಂಗಳಾಗಿತ್ತು!

ಕಡೆಗೆ ತದಡಿಯಿಂದ ರಿಕ್ಷಾ ಬಂತು. ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಅತ್ತೆಯ ಪಕ್ಕದಲ್ಲೇ ಬುಟ್ಟಿ ಇಟ್ಟು ಕೂತ ಬೀರಮ್ಮ, ಮಂಡಿನೋವೆಂದು ಎಲ್ಲಿಗೂ ಹೋಗದವಳು, ಎರಡು ಪೌಂಡ್ ಬ್ರೆಡ್ ಅಪ್ಪಿಕೊಂಡು ಇಳಿದಳು. ಅತ್ತೆಯ ಮುಖ ನೋಡಿದ್ದೇ ತಡ, ಗೊಳೋ ಎಂದು ಅತ್ತಳು. "ನನ್ ಬಿಟ್ಟು ಹೋಗ್ತ್ಯೇನೆ?"

"ಎಲ್ಲಿಗೆ ಹೋಗೂದು?" ಎಂದರು ಅತ್ತೆ. ಆಮೇಲೆ ಬೆಂಚಿನ ಕಡೆ ತಿರುಗಿದರು. ಬೀರಮ್ಮನ ಕೈಯದೂ ಸೇರಿ ಒಂಬತ್ತು ಪೌಂಡ್ ಬ್ರೆಡ್ಡನ್ನು ಒಂದೊಂದಾಗಿ ನೋಡಿದರು. "ಸೊಸೇ" ಎಂದು ಕೂಗಿದರು.

ಟೋಸ್ಟಿನ ತಟ್ಟೆ ಹಿಡಿದೇ ಹೊರಗೆ ಬಂದೆ. ಓಡಿಹೋಗಲು ಜಾಗವಿರಲಿಲ್ಲ. "ಅತ್ತೆ, ಯಾರಿಗೂ ಎಂತದೂ ಆಗ್ಲಿಲ್ಲ. ನಾನು ಅಂಗಡೀಲಿ ಬ್ರೆಡ್ ತಕಂಡದ್ದಕ್ಕೆ ಇಷ್ಟೆಲ್ಲ ಆತು. ಆ ಭಟ್ಕಳದ ಸಿಹಿ ಬ್ರೆಡ್ಡಿಂದೇ ಮಾಡೂದು. ನಿಮ್ಗೆ ಹೇಳಿದ್ರೆ ತಿನ್ನೂದಿಲ್ಲ ಅಂತ ಹೇಳ್ಲಿಲ್ಲ" ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಕಣ್ಣಲ್ಲಿ ನೀರು ಬಂದಿತ್ತು. ನಾಲ್ಕು ಜನರ ಮುಂದೆ ಬೈಸಿಕೊಳ್ಳುವುದಕ್ಕಲ್ಲ. ಇನ್ನು ಇದೂ ಹೋಯಿತು, ಇವರು ತಿನ್ನುವುದಿಲ್ಲ ಎಂಬ ಸಂಕಟಕ್ಕೆ.

ಅತ್ತೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮೇಲಿನ ಹೋಳನ್ನು ಹೆಬ್ಬೆರಳಿನಿಂದ ಒತ್ತಿದರು, ಬಂಗಡೆ ತಾಜಾ ಇದೆಯೋ ಇಲ್ಲವೋ ಎಂದು ನೋಡುವ ಹಾಗೆಯೇ. ತಿರುಗಿಸಿ ಹಿಂಬದಿ ನೋಡಿದರು. ಮೂಸಿದರು. ಜೋನಿಬೆಲ್ಲ ಅವರ ಮಣಿಕಟ್ಟಿಗೆ ಇಳಿಯುತ್ತಿತ್ತು. ಕಚ್ಚಿದರು. ಅಗಿದರು. ಎರಡನೇ ಸಲ ಕಚ್ಚಿದರು. ಜಗಲಿಯಲ್ಲಿ ಅಷ್ಟು ಜನ ಉಸಿರು ಬಿಗಿಹಿಡಿದು ಒಬ್ಬರು ತಿನ್ನುವುದನ್ನು ನೋಡಿದ್ದು ನಮ್ಮೂರಿನಲ್ಲಿ ಅದೇ ಮೊದಲಿರಬೇಕು.

"ಜ್ವರ ನಂಗಲ್ಲ" ಎಂದರು ಅತ್ತೆ ಕೊನೆಗೆ, ಎಲ್ಲರಿಗೂ ಕೇಳುವ ಹಾಗೆ. "ಇಷ್ಟು ದಿನ ಬ್ರೆಡ್ಡಿಗೇ ಜ್ವರ ಇತ್ತು. ಸೊಸೆ ತುಪ್ಪ ಹಾಕಿ ಇಳಿಸಿದಾಳೆ. ಅಳೂದು ಬಿಡು ಬೀರಾ, ನೀನೂ ಒಂದು ತಿನ್ನು."

ಆಮೇಲಿನದು ಜಾತ್ರೆ. ಒಂಬತ್ತು ಪೌಂಡನ್ನೂ ಬಿಚ್ಚಿದ್ದಾಯಿತು. ಮಾದೇವಿ ಅಕ್ಕ ಸೆರಗು ಸಿಕ್ಕಿಸಿ ತೆಂಗಿನಕಾಯಿ ತುರಿದಳು, ನನ್ನ ಗಂಡ ಹಿಂಡಿ ಹಾಲು ತೆಗೆದರು, ನಾಗೇಶಣ್ಣ ಅಂಗಡಿಯಿಂದ ಜೋನಿಬೆಲ್ಲದ ಇನ್ನೊಂದು ಡಬ್ಬ ತಂದ. ಸಾಂತ್ವನ ಹೇಳಲು ಬಂದವರೆಲ್ಲ ಬೆರಳು ನೆಕ್ಕುತ್ತಾ ಕೂತರು. ಅತ್ತೆ ನಾಲ್ಕು ಹೋಳು ತಿಂದರು. ನಾನು ಎಣಿಸಿದೆ, ಎಣಿಸಿದ್ದು ಕಣ್ಣು ಹಾಕುವುದಕ್ಕಲ್ಲ, ಸಂತೋಷಕ್ಕೆ. ಎಲ್ಲರೂ ಹೋದ ಮೇಲೆ ಕೈ ತೊಳೆಯುತ್ತಾ ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಇನ್ನೂ ಇದೆ: "ಜ್ವರ ಬಂದಾಗ ಅಷ್ಟು ಜನ ಬಂದ್ರೆ ಎಂತ ಮಾಡೂದು? ಮಾತಾಡೂಕೆ ಬಾಯೇ ಇರೂದಿಲ್ಲ. ಹುಷಾರಿದ್ದಾಗ ಬಂದ್ರೇ ಚಲೋ."

ಅವರಿಗೆ ಬೇಕಾಗಿದ್ದದ್ದು ಟೋಸ್ಟೊಂದೇ ಅಲ್ಲ ಎಂದು ವಿಜ್ಞಾನದ ಟೀಚರಿಗೆ ಆಗ ತಿಳಿಯಿತು. ಒಬ್ಬರೇ ಕೂತರೆ ತುಪ್ಪದಲ್ಲಿ ಕಾಯಿಸಿದ್ದೂ ಪಥ್ಯವೇ.

ಮೊನ್ನೆ ಶನಿವಾರ ಸಂಜೆ ಮತ್ತೆ ಅಂಗಡಿಗೆ ಹೋದೆ. ಏಳೆಂಟು ಜನರಿದ್ದರು. "ಎರಡು ಪೌಂಡ್ ಬ್ರೆಡ್" ಎಂದೆ. ನಾಗೇಶಣ್ಣ ನಗು ತಡೆದುಕೊಂಡು ಕೇಳಿದ, "ಯಾರಿಗೆ ಎಂತ ಆತು?"

"ಅತ್ತೆಗೆ ಹಸಿವು" ಎಂದೆ. ಈ ಸಲ ದನಿ ತಗ್ಗಿಸಲಿಲ್ಲ. ಬಾಗಿಲ ಹೊರಗೆ ನಿಂತಿದ್ದವರಿಗೂ ಕೇಳಲಿ ಎಂದು ಇನ್ನೊಂದು ಸಲ ಹೇಳಿದೆ.