ಅಮರಣ್ಣನ ಮನೆಯ ಬರ್ಗಂಡಿ

ಹಳೆಯ ಬರ್ಗಂಡಿ ವೈನಿನ ರುಚಿ ಒಮ್ಮೆಯಾದರೂ ನೋಡಲೇಬೇಕೆಂದು ನಾನು ನಿಶ್ಚಯಿಸಿಯೇ ನಿವೃತ್ತನಾದವನು. ಆ ಭಾಗ್ಯ ಒದಗಿದ್ದು, ನೋಡಿ, ನಮ್ಮ ಮಾನ್ವಿಯಲ್ಲಿ! ಅಕ್ಕಿ ಗಿರಣಿಯ ಅಮರಣ್ಣ ನನ್ನ ಕಾಲೇಜು ಗೆಳೆಯ. ಫ್ರಾನ್ಸಿಗೆ ಹೋಗಿ ಮೂರು ಬಾಟಲಿ ಬರ್ಗಂಡಿ ತಂದು, ನನ್ನನ್ನು ಊಟಕ್ಕೆ ಕರೆದಿದ್ದ. ಮೀನಿಗೊಂದು, ಕೋಳಿಗೊಂದು, ಮಟನ್ನಿಗೊಂದು.

ಮೀನಿನ ಜೊತೆ ಬಿಳಿ ವೈನ್ ಬಂತು. ನಾನಿನ್ನೂ ಮೂಸುತ್ತಿರುವಾಗಲೇ ಕೋಳಿ ಬಂತು, ಗ್ಲಾಸಿನಲ್ಲಿ ಅರ್ಧ ಉಳಿದಿದ್ದ ಬಿಳಿಯ ಮೇಲೆಯೇ ಕೆಂಪು ವೈನ್ ಬಿತ್ತು. ಅತಿಥಿಯ ಲೋಟ ಇಳಿದರೆ ನಮ್ಮ ಕಡೆ ಮನೆಯವರ ಮಾನ ಇಳಿದಂತೆ.

"ಲೇ, ಇವನ್ನ ಬ್ಯಾರೆ ಬ್ಯಾರೆ ಕುಡೀಬೇಕಲೇ!"

"ಹೊಟ್ಟ್ಯಾಗ ಹೋದ್ಮ್ಯಾಲ ಎಲ್ಲಾ ಒಂದ ಆಗ್ತದ, ಕುಡಿಯೋ."

ಮೂರನೆಯದು ಎಲ್ಲಕ್ಕಿಂತ ಹಳೆಯದು. ಅದನ್ನು ಮಾತ್ರ ಕೆಡಗೊಡಬಾರದೆಂದು ಗ್ಲಾಸ್ ತೊಳೆದು ತಂದೆ. ಅಮರಣ್ಣ ಸುರಿದ ಕೂಡಲೇ ಅಂಗೈ ಅಡ್ಡ ಹಿಡಿದೆ. ಅವನಿಗೆ ಅದು ಸಂಕೋಚವಾಗಿ ಕಂಡಿತು. "ನಾಚಬ್ಯಾಡಲೇ, ಇದೂ ಇನ್ನಾ ಉಳದದ," ಎಂದು ಎರಡನೆಯ ಬಾಟಲಿ ಎತ್ತಿದ. ನಾನು ಗ್ಲಾಸ್ ಹಿಡಿದು ಅಂಗಳಕ್ಕೆ ಓಡಿದೆ.

ಅವನ ಹೆಂಡತಿ ಶಾಂತವ್ವ ಗಾಬರಿಯಾಗಿ ಹಿಂದೆಯೇ ಬಂದರು. "ಯಾಕ್ರೀ ಅಣ್ಣಾರೆ, ಅಡಗಿ ಸೇರಲಿಲ್ಲೇನ್ರೀ?"

"ಭಾಳ ಸೇರ್ಯದವ್ವಾ. ಇದೊಂದು ಮುಗಿಸಿ ಬರ್ತೀನಿ."

ಕಟ್ಟೆಯ ಮೇಲೆ ಕೂತು ಮೂಸಿದೆ. ಎರೆಹೊಲದ ತೇವ, ಒಣ ಎಲೆ, ಆಳದಲ್ಲೆಲ್ಲೋ ನೇರಳೆಹಣ್ಣು. ಗುಟುಕು ಗುಟುಕಾಗಿ ಕುಡಿದು, ಗೆದ್ದವನಂತೆ ಒಳಗೆ ಬಂದೆ.

"ಹ್ಯಾಂಗಿತ್ತೋ?" ಅಮರಣ್ಣನ ಮುಖ ಸಣ್ಣಗಾಗಿತ್ತು.

"ಇಂಥಾದ್ದು ಜನ್ಮದಾಗ ಕುಡಿದಿಲ್ಲಪಾ!"

ಅವನು ಅರಳಿದ. ಆ ಖುಷಿಯಲ್ಲಿ ನನ್ನ ಗ್ಲಾಸನ್ನು ಅಂಚಿನವರೆಗೆ ತುಂಬಿಸಿದ, ಮೂರೂ ಬಾಟಲಿಗಳಿಂದ.