ಅಮೋಸ್ ಟರ್ನೇಜ್‌ಗೆ ಉಸಿರಾಡಲು ಸಮಯ ಕೊಟ್ಟವರು

ಜೂನ್ ತಿಂಗಳ ಬೆಳಗಿನ ನಾಲ್ಕೂವರೆ. ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್‌ನ ಫ್ಲ್ಯಾಟೊಂದರ ಅಡುಗೆಮನೆಯಲ್ಲಿ ಓಸ್ವಿನ್ ಬರೆಟ್ಟೊ ಹಳೆಯ ಅರಗಿನ ರೆಕಾರ್ಡೊಂದನ್ನು ಎರಡೂ ಅಂಗೈಗಳ ನಡುವೆ ಹಿಡಿದು ಪ್ಲೇಯರ್ ಮೇಲಿಡುತ್ತಾರೆ. ವಿಮಾನಗಳ ಓಡಾಟ ಹೆಚ್ಚಿದರೆ ಮೇಜು ನಡುಗುತ್ತದೆ, ಮುಳ್ಳು ಅದನ್ನೂ ಹಿಡಿದುಬಿಡುತ್ತದೆ. ಹಾಗಾಗಿ ಹಳೆಯ ಹಾಡುಗಳನ್ನು ಹೊಸ ಸಿಡಿಗೆ ಇಳಿಸುವ ಕೆಲಸವೆಲ್ಲ ಈ ಹೊತ್ತಿನಲ್ಲೇ. "ಫ್ರಿಜ್ ಕೂಡ ಆಫ್ ಮಾಡ್ತಾರೆ. ಹಾಲು ಒಡೆದ್ರೆ ಮಾತ್ರ ನನ್ನನ್ನೇ ಕೇಳುದು," ಎಂದು ಹೆಂಡತಿ ಜೋಯ್ಲಿನ್ ಚಹಾ ಕೊಡುತ್ತಾ ಗೊಣಗುತ್ತಾರೆ.

ಐವತ್ತೊಂಬತ್ತರ ಓಸ್ವಿನ್ ಹಗಲಿಡೀ ಏರ್‌ಪೋರ್ಟಿನಲ್ಲಿ ಲಗೇಜು ಎತ್ತುತ್ತಾರೆ. ಒಂದು ಪಾಳಿಗೆ ನಾನ್ನೂರು ಪೆಟ್ಟಿಗೆಗಳಾದರೂ ಅವರ ಕೈ ದಾಟುತ್ತವೆ. ಅದೇ ಕೈ ಈಗ ಹಿಡಿದಿರುವುದು ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಅಮೋಸ್ ಟರ್ನೇಜ್‌ನ ಹಾಡುಗಳನ್ನು. ರೈಲು ಹಳಿಯ ಕೂಲಿಯಾಗಿದ್ದ ಆತ 1929ರಲ್ಲಿ ಒಂದೇ ದಿನ ಆರು ಹಾಡು ಹಾಡಿ ಊರಿಗೆ ಮರಳಿದ. ಮತ್ತೆ ಯಾರೂ ಕರೆಯಲಿಲ್ಲ. ಉಳಿದದ್ದು ಮೂರು ರೆಕಾರ್ಡು. ಪಿನ್ನರ್‌ನ ಸಂಗ್ರಾಹಕರೊಬ್ಬರು ಅವನ್ನು ನಂಬಿ ಇವರಿಗೆ ಕೊಟ್ಟಿದ್ದಾರೆ.

ಈ ಹಾಡುಗಳು ಸಿಡಿಯಾಗಿ ಎಷ್ಟೋ ವರ್ಷಗಳಾದವು. ಆದರೆ ಅದರಲ್ಲಿ ಟರ್ನೇಜ್ ಅವಸರದ, ಎಳಸು ದನಿಯ ಹುಡುಗ. ಕರಾವಳಿಯ ಕಲ್ಯಾಣಪುರದ ಇಗರ್ಜಿಯ, ಅಂದರೆ ಚರ್ಚಿನ, ಗಾಯನ ಮಂಡಳಿಯಲ್ಲಿ ಬೆಳೆದ ಓಸ್ವಿನ್‌ಗೆ ಕೇಳಿದ ಕೂಡಲೇ ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು. "ಹಾಡುವಾಗ ಉಸಿರು ತೆಗೀಲಿಕ್ಕೆ ಟೈಮ್ ಬೇಕಲ್ವಾ ಮಾರಾಯ್ರೆ? ಈ ಮನುಷ್ಯನಿಗೆ ಆ ಟೈಮೇ ಇರ್ಲಿಲ್ಲ!"

ರೆಕಾರ್ಡಿನ ಮೇಲೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಎಂದಿದೆ. ಮುದ್ರಿಸಿದ ದಿನ ಯಂತ್ರ ಅದಕ್ಕಿಂತ ನಿಧಾನ ತಿರುಗಿತ್ತು ಎಂಬುದು ಓಸ್ವಿನ್ ಲೆಕ್ಕಾಚಾರ. ಹಾಗಾಗಿ ಎಪ್ಪತ್ತೆಂಟರಲ್ಲಿ ನುಡಿಸಿದರೆ ಹಾಡು ಓಡುತ್ತದೆ, ದನಿ ಎಳಸಾಗುತ್ತದೆ. ಅದನ್ನು ಖಚಿತಪಡಿಸಬಲ್ಲ ಒಂದೇ ಕಿವಿ ಈಗ ಉಳಿದಿದೆ. ಅದು ಅಮೆರಿಕದ ಮೆಂಫಿಸ್‌ನಲ್ಲಿರುವ ಟರ್ನೇಜ್ ಮಗಳು, ತೊಂಬತ್ತೊಂದರ ಲೂಯೆಲಾ ಅಜ್ಜಿಯದು. ಒಂಬತ್ತನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಅವರು ಸಿಡಿ ಕೇಳಿ "ಇದು ನಮ್ಮಪ್ಪ ಅಲ್ಲ" ಎಂದು ಪಕ್ಕಕ್ಕಿಟ್ಟಿದ್ದರಂತೆ.

ಕಳೆದ ಭಾನುವಾರ ಓಸ್ವಿನ್ ಫೋನಿನಲ್ಲಿ ಅವರಿಗೆ ಎಪ್ಪತ್ತನಾಲ್ಕು ಸುತ್ತಿನ ಹಾಡು ಕೇಳಿಸಿದರು. ಅಜ್ಜಿ ಹಾಡನ್ನು ಕೊನೆಯವರೆಗೂ ಕೇಳಿದರು. ಆಮೇಲೆ, "ಹತ್ತಿರ ಬಂದಿದ್ದೀಯ ಮಗಾ. ಇನ್ನೊಂಚೂರು ನಿಧಾನ ಮಾಡು. ಅಪ್ಪನಿಗೆ ಅವಸರ ಅಂದರೆ ಆಗುತ್ತಿರಲಿಲ್ಲ," ಎಂದರಂತೆ.

ಅದಕ್ಕೇ ಇವತ್ತಿನ ಈ ಕೆಲಸ. ಓಸ್ವಿನ್ ವೇಗವನ್ನು ಎಪ್ಪತ್ತಮೂರಕ್ಕೆ ಇಳಿಸುತ್ತಾರೆ. ಕರಕರ ಸದ್ದಿನ ಹಿಂದೆ ಗಿಟಾರ್ ನುಡಿಯುತ್ತದೆ, ಆಮೇಲೆ ತುಂಬಿದ ಗಂಡುದನಿ. ಸಾಲಿನ ಕೊನೆಗೆ ಆತ ಉಸಿರೆಳೆದುಕೊಳ್ಳುವುದು ಪಕ್ಕದಲ್ಲಿ ಕುಳಿತ ನನಗೂ ಕೇಳಿಸುತ್ತದೆ. ಸಂಜೆ ಇದನ್ನು ಅಜ್ಜಿಗೆ ಕೇಳಿಸಬೇಕು.

ಹೊಸ ಸಿಡಿಯ ಮೇಲೆ ನಿಮ್ಮ ಹೆಸರು ಬೇಡವೇ ಎಂದರೆ ಓಸ್ವಿನ್ ನಗುತ್ತಾರೆ. "ನನ್ನ ಹೆಸರು ಎಂತಕ್ಕೆ? ನಮ್ಮ ಅಪ್ಪನೂ ಇಗರ್ಜಿಯಲ್ಲಿ ಹಾಡ್ತಿದ್ರು. ಅವರ ಸ್ವರ ಒಂದು ಕ್ಯಾಸೆಟ್ಟಲ್ಲೂ ಇಲ್ಲ. ಆ ಅಜ್ಜಿಗಾದ್ರೂ ಅವರಪ್ಪ ಸಿಗ್ಲಿ."