ಬೆಟ್ಟಕ್ಕೆ ಹೋದ ತೆನೆ

ಮಾತೆ ಮರಿಯಳ ಜನ್ಮದಿನದ ಮೊಂತಿ ಹಬ್ಬ ಕಳೆದು ಬಂದ ಭಾನುವಾರ, ಕಾಪು ಕಡೆಯ ನಮ್ಮ ಇಗರ್ಜಿಯಿಂದ ಕಾರ್ಕಳದಾಚೆಯ ಒಂದು ಬೆಟ್ಟದೂರಿಗೆ ಸಣ್ಣ ತಂಡ ಹೊರಟಿತು. ಅಲ್ಲಿ ಇಗರ್ಜಿಯಿಲ್ಲ, ಚದುರಿದ ಕೆಲವು ಕ್ರೈಸ್ತ ಮನೆಗಳಿವೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಅವರಿಗೆ ಮುಟ್ಟಿಸಿ, ಪ್ರಾರ್ಥನೆ ನಡೆಸಿ ಬರುವುದು ನಮ್ಮ ಮಿಷನ್. ತೆನೆಯ ಕಾಳನ್ನು ಹಾಲಿಗೆ ಇಲ್ಲವೇ ಪಾಯಸಕ್ಕೆ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆಯೇ ನಮ್ಮಲ್ಲಿ ಹೊಸ ಅಕ್ಕಿಯ ಊಟ.

ಅಲ್ಲಿನ ಅಜ್ಜಿಯೊಬ್ಬರು ಮೊದಲೇ ಫೋನ್ ಮಾಡಿಸಿದ್ದರು. ರಜೆಗೆ ಬಂದಿದ್ದ ಮಗ ಅದೇ ದಿನ ಗಲ್ಫಿಗೆ ಮರಳುವವನು. ಹೊರಡುವ ಮೊದಲು ತನ್ನ ಕೈಯಿಂದ ಅವನಿಗೆ ತೆನೆ ಸಿಗಬೇಕೆಂಬುದು ಅಜ್ಜಿಯ ಆಸೆ. ವಿಮಾನ ರಾತ್ರಿಯದ್ದೆಂದು ತಿಳಿದು ನಾವು ನಿಶ್ಚಿಂತರಾದೆವು. ನಿಶ್ಚಿಂತೆ ನನಗೆ ಒಗ್ಗುವುದಿಲ್ಲವಾದ್ದರಿಂದ ನಾನು ಬೇರೆ ವಿಷಯಗಳನ್ನು ಹುಡುಕಿಕೊಂಡೆ: ಜಿಗಣೆಗೆ ಉಪ್ಪು, ವಾಂತಿಗೆ ಮಾತ್ರೆ, ಜೀಪು ಹೂತುಹೋದರೆ ಹಗ್ಗ.

"ಎಂತ ಮಾರಾಯ್ರೆ, ಪ್ರಾರ್ಥನೆಗೆ ಹೋಗುವುದಾ, ಯುದ್ಧಕ್ಕಾ?" ಎಂದಳು ತಂಡದಲ್ಲೇ ಇದ್ದ ಹೆಂಡತಿ.

ಕೊನೆಯ ಏರಿಗೆ ಕಾರ್ಕಳದಿಂದ ಬಾಡಿಗೆ ಜೀಪು ಹಿಡಿದೆವು. ತಿರುವು ತಿರುವಿಗೂ ನಾನು ಬ್ರೇಕಿನ ಬಗ್ಗೆ ವಿಚಾರಿಸಿದೆ. ಚಾಲಕ ಉತ್ತರ ಕೊಡುವುದನ್ನು ನಿಲ್ಲಿಸಿದಾಗ ಅದರ ಬಗ್ಗೆಯೂ ಚಿಂತೆಯಾಯಿತು.

ಅಜ್ಜಿಯ ಜಗಲಿಯಲ್ಲಿ ಊರಿನವರು ಆಗಲೇ ಸೇರಿದ್ದರು. ಮಗ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಸೂಟ್‌ಕೇಸಿನ ಪಕ್ಕ ನಿಂತಿದ್ದ. ನಮ್ಮ ಕಾರ್ಯಕ್ರಮ ಕ್ರಮವಾಗಿ ಶುರುವಾಯಿತು. ಸ್ವಾಗತ ಗೀತೆ, ಜಪಸರ, ಬೈಬಲ್ ವಾಚನ, ಮಣಿಪಾಲದಲ್ಲಿ ಓದುವ ಹುಡುಗಿಯರ ಗಿಟಾರು. ತೆನೆ ಹಂಚುವುದು ಕೊನೆಗೆ. ಅಜ್ಜಿ ಕೈ ಜೋಡಿಸಿ ನನ್ನನ್ನೇ ದಿಟ್ಟಿಸುತ್ತಿದ್ದರು. ಎಂಥ ಭಕ್ತಿ ಎಂದುಕೊಂಡೆ. ಇಗರ್ಜಿಯಿಂದ ಬಂದವರನ್ನು ಅವಸರಪಡಿಸುವುದು ಆ ಮನೆಯವರಿಗೆ ಸಾಧ್ಯವೇ ಇರಲಿಲ್ಲ ಎಂಬುದು ಹೊಳೆಯಲಿಲ್ಲ.

ಕೆಳಗಿನಿಂದ ಜೀಪು ಹಾರ್ನ್ ಹಾಕಿತು. ನಾನು ವಾಚನದ ಮೇಲೆ ನಾಲ್ಕು ಮಾತು ಆಡುತ್ತಿದ್ದೆ. ಅವು ನಾಲ್ಕಕ್ಕೆ ನಿಲ್ಲುವಂತೆ ಕಾಣುತ್ತಿರಲಿಲ್ಲ. ಮತ್ತೆ ಹಾರ್ನ್. ಮಗ ಸೂಟ್‌ಕೇಸ್ ಎತ್ತಿ, ಮತ್ತೆ ಕೆಳಗಿಟ್ಟ.

ಅಜ್ಜಿ ಎದ್ದು ನನ್ನೆದುರು ನಿಂತರು. "ಪುತಾ, ತೆನೆ ಕೊಡು ಮೊದಲು. ದೇವರು ಇಲ್ಲೇ ಇರ್ತಾನೆ, ಜೀಪು ಇರುವುದಿಲ್ಲ." ಹೇಳಿದ್ದು ಕೊಂಕಣಿಯಲ್ಲಿ. ಕನ್ನಡದಲ್ಲಿ ಅಷ್ಟು ಖಾರ ಬರುವುದಿಲ್ಲ.

ಆಗ ತಿಳಿಯಿತು: ಮಗನನ್ನು ಇಳಿಸಬೇಕಾದದ್ದೂ ನಾವು ಬಂದ ಜೀಪೇ. ಬೇರೆ ಗಾಡಿಯಿಲ್ಲ, ಚಾಲಕನಿಗೆ ಕಾರ್ಕಳದಲ್ಲಿ ಮದುವೆಯ ಬಾಡಿಗೆ.

ಮಳೆಗೆ ನೆನೆಯಬಾರದೆಂದು ತೆನೆಗಳನ್ನು ನಾನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಟೇಪು ಹಚ್ಚಿ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಸುತ್ತಿದ್ದೆ. ಬಿಚ್ಚಲು ಬರಲಿಲ್ಲ. "ಪೋಸ್ಟಿಗೆ ಹಾಕುವುದಿತ್ತಾ?" ಎನ್ನುತ್ತ ಹೆಂಡತಿ ಅದನ್ನು ಕಸಿದು ಹಲ್ಲಿನಲ್ಲಿ ಹರಿದಳು.

ಪಾಯಸಕ್ಕೆ ಸಮಯವೆಲ್ಲಿ? ಅಜ್ಜಿ ಕೆಲವು ಕಾಳುಗಳನ್ನು ಉಗುರಿನಿಂದ ಸುಲಿದು, ನಮ್ಮ ಚಹಾಕ್ಕೆಂದು ಕಾಸಿಟ್ಟಿದ್ದ ಹಾಲಿಗೆ ಹಾಕಿದರು. ಲೋಟದ ಮೇಲೆ ಶಿಲುಬೆಯ ಗುರುತು ಮಾಡಿ, ತಾವೊಂದು ಗುಟುಕು ಕುಡಿದು, ಮಗನ ಬಾಯಿಗೆ ಹಿಡಿದರು. ಹಾಲು ಬಿಸಿಯಿತ್ತು. ಅವನು ಮುಖ ಕಿವುಚಿಕೊಂಡು ನಿಂತಲ್ಲೇ ನುಂಗಿದ.

"ಕಾಳು ಅಗಿ," ಎಂದರು ಅಜ್ಜಿ.

"ಅಗಿದೆ, ಅಮ್ಮ."

"ಬಾಯಿ ತೋರಿಸು."

ನಲವತ್ತು ದಾಟಿದ ಗಂಡಸು ಊರೆಲ್ಲರೆದುರು ಬಾಯಿ ತೆರೆದು ತೋರಿಸಿದ. ಆಮೇಲೆ ಸೂಟ್‌ಕೇಸ್ ಹೆಗಲಿಗೇರಿಸಿ ಓಡಿದ.

ಅಜ್ಜಿ ಲೋಟಕ್ಕೆ ಇನ್ನಷ್ಟು ಹಾಲು ಸುರಿದು ವಯಸ್ಸಿನ ಕ್ರಮದಲ್ಲಿ ಎಲ್ಲರಿಗೂ ಕೊಟ್ಟರು. ನನ್ನ ಸರದಿ ನಾನು ಎಣಿಸಿದ್ದಕ್ಕಿಂತ ಬೇಗ ಬಂತು. ಜೀಪಿನ ಸದ್ದು ತಿರುವಿನಾಚೆ ಅಡಗಿದಾಗ ಅವರು ಆ ಕಡೆ ನೋಡಲಿಲ್ಲ. ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು, ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಹುಡುಗಿಯರು ಗಿಟಾರನ್ನು ಅದರ ಚೀಲಕ್ಕೆ ಸೇರಿಸಿದರು.